ಇಂಜಿನ್ ಬಾಕಿ ಇದೆ

ಕಾರ್ಖಾನೆ ಕಾಲೋನಿ, ಏಳನೇ ಸಾಲು, ಅದೇ ಹಳೇ ಮನೆ
ಮಾರ್ಚ್ ಹನ್ನೊಂದು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ದೊರೆ,

ಹೇಗಿದ್ದೀಯ? ಬೆನ್ನು ನೋವು ಹೇಗಿದೆ? ಹೋದ ಸಲ ಫೋನಿನಲ್ಲಿ ಮಾತಾಡುವಾಗ ನೀನು ಕೂತಲ್ಲೇ ಮಿಸುಕಾಡುತ್ತಿದ್ದುದು ನನಗೆ ಇಲ್ಲಿಗೇ ಕೇಳಿಸುತ್ತಿತ್ತು. ವಿಮಾನದಲ್ಲಿ ಅಷ್ಟು ಹೊತ್ತು ಮಡಚಿಕೊಂಡು ಕೂತು ಬರುವವನು, ಇಳಿದ ಮೇಲೆ ಸ್ವಲ್ಪ ಓಡಾಡು, ನೆಟ್ಟಗೆ ಹೋಗಿ ಕಾರಿನಲ್ಲಿ ಕೂರಬೇಡ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆಯೇ? ಮಗುವಿಗೆ ಹಲ್ಲು ಬರುವಾಗಿನ ಜ್ವರ ಬಿಟ್ಟಿತೇ? ಅವಳ ಫೋಟೋ ನೋಡಿ ಅಮ್ಮ, "ಮೂಗು ನಮ್ಮ ಕಡೇದು, ಹಟ ಅವರ ಕಡೇದು" ಅಂತ ತೀರ್ಪು ಕೊಟ್ಟಾಯಿತು. ಹಟ ಯಾರ ಕಡೆಯದು ಎನ್ನುವುದು ನಿನಗೂ ಗೊತ್ತು, ನನಗೂ ಗೊತ್ತು, ಸುಮ್ಮನಿರೋಣ. ಇಲ್ಲಿ ಎಲ್ಲರೂ ಇದ್ದೇವೆ. ಚಳಿ ಕಳೆದ ಮೇಲೆ ಅಮ್ಮನ ಮಂಡಿ ಸ್ವಲ್ಪ ವಾಸಿ. ಅಪ್ಪನ ಕಿವಿ ಮಾತ್ರ ಪೂರ್ತಿ ಕೈಕೊಟ್ಟಿದೆ. ಜೀವಮಾನವೆಲ್ಲ ಪ್ರೆಸ್ ಶಾಪಿನಲ್ಲಿ ತಗಡು ಬಡಿಯುವ ಸದ್ದು ಕೇಳಿದ ಕಿವಿ, ಇನ್ನೆಷ್ಟು ಕಾಲ ಬಾಳೀತು? ಆದರೂ ತನಗೆ ಬೇಕಾದ್ದು ಮಾತ್ರ ಹೇಗೋ ಕೇಳಿಸಿಬಿಡುತ್ತದೆ ಮಹಾರಾಯರಿಗೆ. ನಿನ್ನ ಭಾವ ಕ್ಯಾಂಟೀನಿನ ಒಲೆ ಮುಂದೆ ಬೆಂದು ಬೆಂದು ಸೊರಗಿದ್ದಾರೆ. ಅವರು ಸೊರಗಿದ್ದನ್ನೆಲ್ಲ ನಾನು ತುಂಬಿಕೊಂಡಿದ್ದೇನೆ. ನನ್ನ ಸೊಂಟದ ಬಗ್ಗೆ ಒಂದೇ ಒಂದು ಮಾತು ಎತ್ತಿದರೂ ಕೆನ್ನೆಗೆ ಬೀಳುತ್ತದೆ, ಈಗಲೇ ಹೇಳಿದ್ದೇನೆ.

ಫೋನು ಇರುವಾಗ ಈ ಕಾಗದ ಯಾಕೆ ಅಂತ ಕೇಳಬೇಡ. "ಭೇಟಿ ಮುಗಿಯೋ ತನಕ ಕಾರ್ಖಾನೆಯವರ ಹತ್ರ ಫೋನಲ್ಲಿ ಮಾತಾಡಬಾರದು ಅಂತ ವಕೀಲರು ಹೇಳಿದಾರಮ್ಮ" ಅಂತ ಹೇಳಿ ಫೋನು ಇಟ್ಟವನು ನೀನು. ಅಮ್ಮ ಎಷ್ಟೋ ಹೊತ್ತು ಆ ಫೋನನ್ನೇ ನೋಡುತ್ತಾ ಕೂತಿದ್ದಳು. ಇರಲಿ. ಮಾತಾಡಬಾರದು ಅಂದರು, ಓದಬಾರದು ಅನ್ನಲಿಲ್ಲವಲ್ಲ. ನಿನ್ನನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೊರಡುವ ಕಂಪನಿ ಕಾರಿನ ಡ್ರೈವರ್ ಬೇರೆ ಯಾರೂ ಅಲ್ಲ, ನಮ್ಮ ಹಾರ್ನ್ ಮಾಮನೇ. ಕಾರು ಜೋಡಿಸುವ ಲೈನಿನ ಕೊನೆಯಲ್ಲಿ ಹೊಸ ಕಾರಿಗೆ ಮೊದಲ ಸಲ ಕೀಲಿ ಹಾಕಿ, ಬೇಕಿದ್ದರೂ ಬೇಡವಾದರೂ ಒಂದು ಹಾರ್ನ್ ಹೊಡೆದೇ ಹೊರಗೆ ಒಯ್ಯುತ್ತಿದ್ದನಲ್ಲ, ಅವನು. ಈ ಕಾಗದ ಅವನ ಜೇಬಿನಲ್ಲಿ ಬರುತ್ತದೆ. ಹಿಂದಿನ ಸೀಟಿನಲ್ಲಿ ಕೂತು ಓದು. ದಾರಿ ಉದ್ದ ಇದೆ, ಮುಖ ಮರೆಸಿಕೊಳ್ಳಲು ಕಿಟಕಿಯೂ ಇದೆ.

ಗುರುವಾರ ಬರುವವನು ನೀನು ಅಂತ ನಮಗೆ ಗೊತ್ತಾದದ್ದು ಹೇಗೆ ಗೊತ್ತೇ? ಸಂಘದ ಕಾರ್ಯದರ್ಶಿ ಮೀಸೆ, ಕಂಪನಿಯಿಂದ ಬಂದ ಪತ್ರವನ್ನು ಶೆಡ್ಡಿನ ನಡುವೆ ನಿಂತು ಗಟ್ಟಿಯಾಗಿ ಓದುತ್ತಿದ್ದ. ಸರ್ಕಾರದ ಕಾರ್ಮಿಕ ಅಧಿಕಾರಿ ಬರುತ್ತಾರಂತೆ, ಜೊತೆಯಲ್ಲಿ ಕಂಪನಿಯ ಪ್ರತಿನಿಧಿ ಬರುತ್ತಾರಂತೆ, ಇಬ್ಬರೂ ಲೈನಿನ ಉದ್ದಕ್ಕೂ ನಡೆದು ನೋಡಿ "ಉತ್ಪಾದನೆ ನಿಂತಿದೆ" ಅಂತ ಸಹಿ ಹಾಕುತ್ತಾರಂತೆ, ಆಮೇಲೆ ಬೀಗವಂತೆ. ಪ್ರತಿನಿಧಿಯ ಹೆಸರು ಓದುವಾಗ ಮೀಸೆಯ ನಾಲಿಗೆ ತಡವರಿಸಿತು. ಮತ್ತೊಂದು ಸಲ ಮನಸ್ಸಿನಲ್ಲೇ ಓದಿಕೊಂಡ. ನಂತರ ನನ್ನ ಕಡೆ ನೋಡಿದ. ಅವನ ಹಿಂದೆ ಇಡೀ ಶೆಡ್ಡು ನನ್ನ ಕಡೆ ನೋಡಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಕಣೋ. ಆದರೆ ನಾನು ತಲೆ ತಗ್ಗಿಸಲಿಲ್ಲ. "ಹೌದು, ನನ್ನ ತಮ್ಮನೇ, ಬರಲಿ ಬಿಡಿ, ದಾರಿ ಅವನಿಗೆ ಗೊತ್ತಿದೆ" ಅಂದೆ. ಎಲ್ಲರೂ ಕೆಲಸಕ್ಕೆ ಮರಳಿದರು. ಅವತ್ತಿನಿಂದ ಇವತ್ತಿನ ತನಕ ಒಬ್ಬರೂ ನನ್ನನ್ನು ಚುಚ್ಚಿಲ್ಲ. ಚುಚ್ಚಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು.

ಮನೆಯಲ್ಲಿ ಹೇಳಿದಾಗ ಅಪ್ಪ ಕೇಳಿಸಲೇ ಇಲ್ಲ ಅನ್ನುವಂತೆ ಶೂ ಲೇಸು ಬಿಚ್ಚುತ್ತಾ ಕೂತರು. ಎರಡನೇ ಸಲ ಕಿರುಚಿ ಹೇಳಿದೆ. ಆಗಲೂ ಇಲ್ಲ. ಊಟಕ್ಕೆ ಕೂತ ಮೇಲೆ, ಯಾರೂ ಏನೂ ಕೇಳದೆ ಇರುವಾಗ, "ಬಂದ್ರೆ ಊಟಕ್ಕೆ ಮನೆಗೇ ಬರಬೇಕು" ಅಂದರು. ಅಮ್ಮ ಮಾತ್ರ ಕೆರಳಿದಳು. "ಹೋಟೆಲ್ಲಲ್ಲಿ ಇಳೀತಾನಂತಾ? ನನ್ನ ಮನೆ ಇರೋ ಊರಲ್ಲಿ ಹೋಟೆಲ್ಲಾ? ಇಳೀಲಿ, ಕಾಲು ಮುರೀತೀನಿ" ಅಂತ ಹೇಳಿ, ಆ ಕೋಪದಲ್ಲೇ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಅದು ಮೂರು ದಿನದಿಂದ ಒಣಗುತ್ತಲೇ ಇದೆ.

ದೊರೆ, ನಿನಗೆ ಈ ಕಾರ್ಖಾನೆಯ ಕಥೆ ಹೇಳುವ ಅಗತ್ಯ ಇಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನೀನು ಅದನ್ನು ಅಲ್ಲಿ ಕೂತು ಬಹಳ ಸಲ ಬೇರೆ ಥರ ಬರೆದಿದ್ದೀಯ. ನಾವು ಒಂದು ಕಾರು ಮಾಡುತ್ತಿದ್ದೆವು. ನಮ್ಮವರೇ ಗೆರೆ ಎಳೆದು, ನಮ್ಮವರೇ ಅಚ್ಚು ಮಾಡಿ, ನಮ್ಮವರೇ ಇಂಜಿನ್ ಎರಕ ಹೊಯ್ದ ಕಾರು. ಮುಂದಿನ ಎರಡು ದೀಪ ಹೊರಗೆ ಉಬ್ಬಿಕೊಂಡಿದ್ದರಿಂದ ಜನ ಕಪ್ಪೆ ಅಂತ ಕರೆಯುತ್ತಿದ್ದರು. ಕಂಪನಿ ಕಾಗದದಲ್ಲಿ ಏನೋ ಚೆಂದದ ಹೆಸರಿತ್ತು, ಯಾರ ಬಾಯಿಗೂ ಬರಲಿಲ್ಲ. ಕಪ್ಪೆ ಸೋರುತ್ತಿತ್ತು, ಮೂರನೇ ಗೇರಿಗೆ ಗೊಣಗುತ್ತಿತ್ತು, ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಆದರೆ ಕೆಟ್ಟರೆ ಸೈಕಲ್ ರಿಪೇರಿಯವನೂ ಸರಿ ಮಾಡುತ್ತಿದ್ದ. ಮಾಸ್ತರರೂ ದಾದಿಯರೂ ಕೊಳ್ಳುತ್ತಿದ್ದರು. ಆಮೇಲೆ ನಿನ್ನ ಕಂಪನಿ ಬಂತು. ನಿಮ್ಮ ಭಾಷೆಯಲ್ಲಿ ಮಾತೃಸಂಸ್ಥೆ. ಇಲ್ಲಿ ನಾವು ಇಟ್ಟ ಹೆಸರು ಮಲತಾಯಿ. ಮೊದಲ ವರ್ಷ ಮಲತಾಯಿ ಎಲ್ಲರಿಗೂ ಹೊಸ ಸಮವಸ್ತ್ರ ಹೊಲಿಸಿದಳು, ತಲೆ ಸವರಿದಳು, ನೀರು ಕುಡಿಯುವ ಯಂತ್ರ ತಂದಿಟ್ಟಳು. ಎರಡನೇ ವರ್ಷ ನೀನು ಕೆಲಸ ಮಾಡುತ್ತಿದ್ದ ನಕ್ಷೆ ಕೋಣೆ ಮುಚ್ಚಿದಳು. ಗೆರೆ ಎಳೆಯುವ ಕೆಲಸ ಅಲ್ಲೇ ಚೆನ್ನಾಗಿ ಆಗುತ್ತದಂತೆ. ಆಮೇಲೆ ಇಂಜಿನ್ ಶಾಪು. ಇಂಜಿನ್ ಇನ್ನು ಮೇಲೆ ಹಡಗಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಬರುತ್ತದಂತೆ, ಅಗ್ಗವಂತೆ. ಆಮೇಲೆ ಕಪ್ಪೆಯೇ ಬೇಡವಾಯಿತು, ಅವಳದೇ ಕಾರಿಗೆ ನಾವು ಬಾಗಿಲು ಕೂರಿಸಬೇಕಾಯಿತು. ಪಕ್ಕದ ದೇಶಗಳಿಗೆ ನಾವೇ ಕಳಿಸುತ್ತೇವೆ ಅಂದಾಗ, ಆ ಮಾರುಕಟ್ಟೆ ಬೇರೆ ಮಕ್ಕಳಿಗೆ ಹಂಚಿ ಆಗಿದೆ ಅಂದಳು. ಕೈ ಕಟ್ಟಿ, ಕಾಲು ಕಟ್ಟಿ, ಕೊನೆಗೆ "ಈ ಮಗು ಓಡೋದೇ ಇಲ್ಲ ನೋಡಿ" ಅಂತ ಊರೆಲ್ಲ ಸಾರಿದಳು.

ಒಂದೊಂದು ಸಲವೂ ನೀನು ರಜೆಗೆ ಬಂದಾಗ ಅಪ್ಪನ ಮುಂದೆ ಲ್ಯಾಪ್‌ಟಾಪ್ ತೆರೆದು ಬಣ್ಣಬಣ್ಣದ ಕಂಬಗಳನ್ನು ತೋರಿಸುತ್ತಿದ್ದೆ. "ಇದು ಕಾರ್ಖಾನೆ ಒಳ್ಳೇದಕ್ಕೇ ಅಪ್ಪಾ." ಅಪ್ಪ ಗೋಣು ಆಡಿಸುತ್ತಿದ್ದರು. ನೀನು ಹೋದ ಮೇಲೆ ನನ್ನನ್ನು ಕರೆದು, "ಏನಂದ ಅವನು?" ಅಂತ ಕೇಳುತ್ತಿದ್ದರು. ಕಿವಿ ಕೇಳದೆ ಕೇಳುತ್ತಿದ್ದರೋ, ಕೇಳಿಸಿದ್ದಕ್ಕೇ ಕೇಳುತ್ತಿದ್ದರೋ ಗೊತ್ತಿಲ್ಲ. ನಿನಗೆ ನಂಬಿಕೆ ಇತ್ತು, ಅದನ್ನು ನಾನು ಒಪ್ಪುತ್ತೇನೆ. ಬೇಕಂತಲೇ ಸುಳ್ಳು ಹೇಳುವವನಲ್ಲ ನೀನು. ಚಿಕ್ಕಂದಿನಲ್ಲಿ ಸುಳ್ಳು ಹೇಳಿದರೆ ನಿನ್ನ ಕಿವಿ ಕೆಂಪಾಗಿ ಉರಿಯುತ್ತಿತ್ತು. ಈಗ ಅಲ್ಲಿನ ಚಳಿಗೆ ಟೋಪಿ ಹಾಕಿಕೊಳ್ಳುತ್ತೀಯೇನೋ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ಶನಿವಾರ ಇಂಜಿನ್ ತರುವ ಲಾರಿ ಬರಲಿಲ್ಲ. ಕೇಳಿದರೆ ಹಡಗು ತಡ ಅಂದರು. ಮುಂದಿನ ಶನಿವಾರ ಲಾರಿಯೂ ಇಲ್ಲ, ಹಡಗಿನ ಸುದ್ದಿಯೂ ಇಲ್ಲ. ಆ ಭಾನುವಾರ ನಮ್ಮ ಜನರಲ್ ಮ್ಯಾನೇಜರ್, ಆ ಟೈ ಸಾಹೇಬರು, ಕಿಟಕಿಯಲ್ಲಿಟ್ಟಿದ್ದ ಹೂಕುಂಡ ಸಮೇತ ಊರು ಬಿಟ್ಟಿದ್ದರು. ಸೋಮವಾರ ಬೆಳಿಗ್ಗೆ ನಾವೆಲ್ಲ ಎಂದಿನಂತೆ ಗೇಟಿಗೆ ಬಂದೆವು. ಮತ್ತೆಲ್ಲಿಗೆ ಹೋಗೋಣ ಹೇಳು? ಕೂತು ಹರಟೆ ಹೊಡೆಯೋಣ ಅಂತಲೇ ಬಂದದ್ದು. ಆದರೆ ಸೈರನ್ ಆಯಿತು, ಎಲೆಕ್ಟ್ರಿಷಿಯನ್ ಅಭ್ಯಾಸಬಲದಲ್ಲಿ ಗುಂಡಿ ಒತ್ತಿದ, ಲೈನ್ ಹೊರಟಿತು, ಎಲ್ಲರ ಕೈಯೂ ಅದರ ಹಿಂದೆ ಹೊರಟಿತು. ನಾನೂ ಅಷ್ಟೇ. ಬಾಗಿಲು ಬಂತು, ಕೂರಿಸಿದೆ, ರಬ್ಬರ್ ಎಳೆದೆ, ತಟ್ಟಿ ನೋಡಿದೆ. ಏನು ಮಾಡುತ್ತಿದ್ದೇನೆ ಅಂತ ಯೋಚನೆಯೇ ಇಲ್ಲ.

ಇಂಜಿನ್ ಕೂರಿಸುವ ಜಾಗದಲ್ಲಿ ಇಂಜಿನ್ ಮಾವ ಇದ್ದ. ನಿನಗೆ ಅವನ ಬಾಯಿ ಗೊತ್ತಲ್ಲ. ತನ್ನ ಅಳಿಯ ಎಂಥ ಅಯೋಗ್ಯ ಅಂತ ಪಕ್ಕದವನಿಗೆ ಕೈ ಬಾಯಿ ತಿರುಗಿಸಿ ವರ್ಣಿಸುತ್ತಿದ್ದ. ಕಾರು ಬಂತು. ಮಾವ ಮಾತು ನಿಲ್ಲಿಸದೆ ಪೆಡಲ್ ತುಳಿದ, ಮೇಲಿಂದ ಖಾಲಿ ಕೊಕ್ಕೆ ಇಳಿಯಿತು. ಮಾವ ಬಗ್ಗಿ ನಾಲ್ಕು ಬೋಲ್ಟು ಬಿಗಿ ಮಾಡಿದ, ಕೊಕ್ಕೆ ಬಿಡಿಸಿದ, ಸೀಮೆಸುಣ್ಣದಲ್ಲಿ ಸರಿ ಗುರುತು ಹಾಕಿದ, ಮುಂದಕ್ಕೆ ಬಿಟ್ಟ. ಅಳಿಯನ ಅಯೋಗ್ಯತನ ಮುಗಿಯದೆ ಇದ್ದುದರಿಂದ ಹೀಗೇ ಆರೇಳು ಕಾರಿಗೆ ಗಾಳಿಯನ್ನು ಭದ್ರವಾಗಿ ಬಿಗಿದು ಕಳಿಸಿದ. ಲೈನಿನ ಕೊನೆಯಲ್ಲಿ ಹಾರ್ನ್ ಮಾಮ ಕೀಲಿ ತಿರುಗಿಸಿದ. ಸದ್ದಿಲ್ಲ. ಮತ್ತೆ ತಿರುಗಿಸಿದ. ಬೈದ. ಇಳಿದು ಬಾನೆಟ್ ಎತ್ತಿ ನೋಡಿದವನು, "ಅಯ್ಯಯ್ಯೋ, ಇದರ ಹೊಟ್ಟೇಲಿ ಏನೂ ಇಲ್ಲ ಕಣ್ರೋ!" ಅಂತ ಕೂಗಿಕೊಂಡ. ನಾವೆಲ್ಲ ಓಡಿಹೋಗಿ ನೋಡಿದೆವು. ಮಾವ ಕೈಯಲ್ಲಿ ಸ್ಪ್ಯಾನರ್ ಹಿಡಿದು, "ಬಿಗಿ ಮಾಡಿದೀನಲ್ರೋ ನಾನು!" ಅಂದ. ಅಷ್ಟೇ ನೋಡು. ಎಷ್ಟು ದಿನದಿಂದ ಎದೆಯೊಳಗೆ ಕಟ್ಟಿಕೊಂಡಿದ್ದೆಲ್ಲ ಒಡೆದುಹೋಯಿತು. ಹೊಟ್ಟೆ ಹಿಡಿದುಕೊಂಡು, ಕಾರಿಗೆ ಒರಗಿಕೊಂಡು, ನೆಲದ ಮೇಲೆ ಕೂತು ನಕ್ಕೆವು. ನಕ್ಕೂ ನಕ್ಕೂ ಕೆಲವರು ಅತ್ತರು. ನಾನೂ ಅತ್ತೆ, ಮುಚ್ಚಿಡುವುದೇನು.

ಎಲ್ಲ ಮುಗಿದ ಮೇಲೆ ಮೀಸೆ ಮಾತ್ರ ನಗದೆ ಲೈನನ್ನೇ ನೋಡುತ್ತಾ ನಿಂತಿದ್ದ. "ಲೈನ್ ನಡೀತಿದೆ ಅಲ್ವಾ?" ಅಂದ. ನಡೆಯುತ್ತಿತ್ತು. ಆಗ ಅವನು ಬಿಡಿಸಿ ಹೇಳಿದ. ಇಲ್ಲಿನ ಕಾನೂನಿನ ಪ್ರಕಾರ ಲೈನ್ ಒಂದು ತಿಂಗಳಿಂದ ನಿಂತಿದೆ ಅಂತ ಕಂಪನಿ ಹೇಳಿ, ನೋಡಲು ಬಂದವರಿಗೂ ನಿಂತದ್ದೇ ಕಂಡರೆ ಅದು ಸತ್ತ ಕಾರ್ಖಾನೆ, ಯಾರನ್ನೂ ಕೇಳದೆ ಬೀಗ ಜಡಿದು ಯಂತ್ರ ಕಿತ್ತುಕೊಂಡು ಹೋಗಬಹುದು. ನಡೆಯುತ್ತಿರುವ ಕಾರ್ಖಾನೆಯನ್ನು ಹಾಗೆ ಮಾಡುವಂತಿಲ್ಲ. ಸರ್ಕಾರದ ಮುಂದೆ ಬರಬೇಕು, ನಮ್ಮನ್ನು ಎದುರು ಕೂರಿಸಿಕೊಂಡು ಕಾರಣ ಹೇಳಬೇಕು, ಬೇರೆ ಯಾರಾದರೂ ನಡೆಸುತ್ತೇವೆ ಅಂತ ಮುಂದೆ ಬಂದರೆ ಅವರಿಗೆ ಬಿಟ್ಟುಕೊಡಬೇಕು. ಮಲತಾಯಿಗೆ ಇರುವ ಹೆದರಿಕೆ ಅದೇ. ನಾವು ಸಾಯುವುದು ಅವಳಿಗೆ ಸಮಸ್ಯೆಯಲ್ಲ, ಅವಳಿಲ್ಲದೆ ಬದುಕಿಬಿಟ್ಟರೆ ಕಷ್ಟ. ಅದಕ್ಕೇ ಇಂಜಿನ್ ನಿಲ್ಲಿಸಿದಳು. ಇಂಜಿನ್ ಇಲ್ಲದಿದ್ದರೆ ಇವರು ತಾವಾಗಿಯೇ ಕೈ ಚೆಲ್ಲಿ ಕೂರುತ್ತಾರೆ ಅನ್ನುವುದು ಅವಳ ಲೆಕ್ಕ. ಇಂಜಿನ್ ಮಾವನ ಬಾಯಿಬಡುಕತನ ಆ ಲೆಕ್ಕದಲ್ಲಿ ಇರಲಿಲ್ಲ.

ಅವತ್ತಿನಿಂದ ನಾವು ಲೈನ್ ನಿಲ್ಲಿಸಿಲ್ಲ. ತಗಡು ಇದೆ, ಗಾಜು ಇದೆ, ಚಕ್ರ ಇದೆ, ಬಣ್ಣ ಇದೆ. ಇಂಜಿನ್ ಒಂದು ಬಿಟ್ಟು ಎಲ್ಲ ಕೂರಿಸುತ್ತೇವೆ. ಸಂಬಳ ಇಲ್ಲ, ಆದರೆ ಹಾಜರಿ ಪೂರ್ತಿ. ಮನೆಮನೆಯಿಂದ ಬಂದದ್ದನ್ನೆಲ್ಲ ನಿನ್ನ ಭಾವ ಒಂದೇ ಪಾತ್ರೆಗೆ ಹಾಕಿ ಬೇಯಿಸುತ್ತಾರೆ. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ, ರುಚಿಯನ್ನು ಕೇಳಲೇಬೇಡ. ತಯಾರಾದ ಕಾರನ್ನು ನಾಲ್ಕು ಜನ ತಳ್ಳಿ ಅಂಗಳಕ್ಕೆ ಒಯ್ಯುತ್ತೇವೆ. ಹಾರ್ನ್ ಮಾಮ ಒಳಗೆ ಕೂತು ಸ್ಟಿಯರಿಂಗ್ ಹಿಡಿಯುತ್ತಾನೆ. ಬ್ಯಾಟರಿ ಇದೆಯಲ್ಲ, ಹಾರ್ನ್ ಮಾತ್ರ ತಪ್ಪದೆ ಹೊಡೆಯುತ್ತಾನೆ. ನಾವು ಯಾರ ಕಣ್ಣಿಗೂ ಮಣ್ಣೆರಚುತ್ತಿಲ್ಲ. ಪ್ರತಿ ಕಾರಿನ ಮುಂದಿನ ಗಾಜಿಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ: "ಇಂಜಿನ್ ಬಾಕಿ ಇದೆ." ಅಂಗಳ ತುಂಬಿ ಈಗ ಆಟದ ಬಯಲಿನಲ್ಲೂ ಸಾಲು ನಿಂತಿವೆ. ರಸ್ತೆಯಲ್ಲಿ ಹೋಗುವ ಬಸ್ಸಿನವರು ನಿಧಾನ ಮಾಡಿ ಓದಿಕೊಂಡು ಹೋಗುತ್ತಾರೆ. ಹೋದ ವಾರ ಯಾರೋ ಹಳೇ ಕಪ್ಪೆಯ ಮಾಲೀಕರೊಬ್ಬರು ಗೇಟಿಗೆ ಬಂದು, "ನನ್ನದರಲ್ಲಿ ಇಂಜಿನ್ ಒಂದೇ ಸರಿ ಇರೋದು, ಉಳಿದದ್ದೆಲ್ಲ ಹೋಗಿದೆ, ನಿಮ್ಮದು ನಮ್ಮದು ಸೇರಿಸೋಣ್ವಾ?" ಅಂತ ಕೇಳಿದರು. ತಮಾಷೆ ಅಂದುಕೊಂಡೆವು. ಆಮೇಲೆ ಇಂಜಿನ್ ಶಾಪಿನ ನಿವೃತ್ತ ಮುದುಕರು ನಾಲ್ಕೈದು ಜನ ಅಳತೆ ಪಟ್ಟಿ ಹಿಡಿದುಕೊಂಡು ಬಂದು ಆ ಮಾತನ್ನೇ ಗಂಭೀರವಾಗಿ ಚರ್ಚೆ ಮಾಡುತ್ತಿದ್ದಾರೆ. ಪ್ರೆಸ್ ಶಾಪಿನವರಾದರೂ ಅಪ್ಪನೂ ಅವರ ಜೊತೆ ಸೇರಿಕೊಂಡಿದ್ದಾರೆ. ಏನೂ ಕೇಳಿಸದಿದ್ದರೂ ಎಲ್ಲರಿಗಿಂತ ಜೋರಾಗಿ ವಾದ ಮಾಡುತ್ತಾರೆ.

ಸುದ್ದಿ ನಿಮ್ಮ ಕಚೇರಿಗೆ ಮುಟ್ಟಿದ ಮೇಲೆ ಕಾರ್ಖಾನೆಗೆ ಬರುವ ಕರೆಂಟನ್ನೇ ಕಡಿಸಿದಿರಿ. ನೀನೇ ಕಡಿಸಿದೆಯೋ, ನಿನ್ನ ಪಕ್ಕದ ಕುರ್ಚಿಯವನೋ, ನಾನು ಕೇಳುವುದಿಲ್ಲ. ಸರಪಳಿ ನಿಂತಿತು, ದೀಪ ಆರಿತು, ಆ ದೊಡ್ಡ ಶೆಡ್ಡಿನಲ್ಲಿ ಕೆಮ್ಮಿದರೂ ಪ್ರತಿಧ್ವನಿ. ಸೀಟು ಹೊಲಿಯುವ ವಿಭಾಗದ ಹೆಂಗಸರು ಮೊದಲು ಎದ್ದರು. ಒಬ್ಬಳು ಕಾರಿನ ಹಿಂಭಾಗಕ್ಕೆ ಹೆಗಲು ಕೊಟ್ಟು, "ಮನೇಲಿ ಬೀರು ಒಬ್ಬಳೇ ತಳ್ತೀನಿ, ಇದಕ್ಕೆ ಚಕ್ರ ಬೇರೆ ಇದೆ" ಅಂದಳು. ಸರಪಳಿಯಿಂದ ಬಿಡಿಸಿ, ಒಂದರ ಹಿಂದೆ ಒಂದು, ಒಂದೇ ವೇಗದಲ್ಲಿ ಕೈಯಿಂದಲೇ ತಳ್ಳಿದೆವು. ಈಗಲೂ ಹಾಗೇ. ಶೆಡ್ಡಿನ ಮೇಲಿನ ಗಾಜಿನ ಬೆಳಕಿನಲ್ಲಿ ಕೆಲಸ, ಬೆಳಕು ಹೋದರೆ ಮನೆಗೆ. ಮೋಟಾರ್ ಇದ್ದಾಗ ಹದಿನೈದು ಅಡಿ ದೂರದವನ ಮುಖ ನೋಡದೆ ವರ್ಷಗಟ್ಟಲೆ ಕೆಲಸ ಮಾಡಿದ್ದೆವು. ಈಗ ತಳ್ಳುವಾಗ ಪಕ್ಕದವರ ಉಸಿರು ಕೇಳುತ್ತದೆ. ನನ್ನ ಹೆಗಲಿನ ಚರ್ಮ ಸುಲಿದಿದೆ, ಅಮ್ಮ ದಿನಾ ಎಣ್ಣೆ ಹಚ್ಚುತ್ತಾಳೆ, ಹಚ್ಚುತ್ತಾ ನಿನ್ನನ್ನು ಬೈಯುತ್ತಾಳೆ, ಬೈದು ಮುಗಿದ ಮೇಲೆ ನಿನ್ನ ಮಗು ಏನು ತಿನ್ನುತ್ತದೋ ಅಂತ ಚಿಂತೆ ಮಾಡುತ್ತಾಳೆ.

ನೀನು ಈಗ ಏನು ಹೇಳುತ್ತೀಯ ಅಂತ ನನಗೆ ಗೊತ್ತು. ಹುಬ್ಬು ಗಂಟಿಕ್ಕಿ, ತುಂಬಾ ತಾಳ್ಮೆಯಿಂದ, "ಅಕ್ಕಾ, ಇಂಜಿನ್ ಇಲ್ಲದ ಕಾರು ಕಾರೇ ಅಲ್ಲ, ಅದು ಉತ್ಪಾದನೆ ಆಗಲ್ಲ" ಅನ್ನುತ್ತೀಯ. ಹೌದಪ್ಪ, ಜಾಣ. ಇಂಜಿನ್ ಕೊಡದೆ ಇಟ್ಟುಕೊಂಡವರು ಯಾರು? ನಮ್ಮ ಇಂಜಿನ್ ಶಾಪು ಕಿತ್ತವರು ಯಾರು? ಒಬ್ಬನ ಕಾಲು ಮುರಿದು ಅವನು ನಡೆಯುವುದಿಲ್ಲ ಅಂತ ಸರ್ಟಿಫಿಕೇಟು ಬರೆಯಲು ಬರುವವರು, ಕನಿಷ್ಠ ಅವನು ತೆವಳುತ್ತಿರುವುದನ್ನಾದರೂ ಕಣ್ಣು ಬಿಟ್ಟು ನೋಡಬೇಕು. ನೀನು ಸಹಿ ಹಾಕಬೇಕಾದ ಕಾಗದ ಕೇಳುವುದು ಒಂದೇ ಪ್ರಶ್ನೆ, ಲೈನ್ ನಡೆಯುತ್ತಿದೆಯೋ ಇಲ್ಲವೋ. ಅದು ಮೋಟಾರಿನಿಂದ ನಡೆಯಬೇಕು ಅಂತ ಎಲ್ಲೂ ಬರೆದಿಲ್ಲ. ಮೀಸೆ ಮೂರು ಸಲ ಓದಿ ನೋಡಿದ್ದಾನೆ.

ನಿನ್ನ ಕಷ್ಟ ನನಗೆ ಗೊತ್ತಿಲ್ಲ ಅಂತ ಮಾತ್ರ ತಿಳಿಯಬೇಡ. "ನಿಂತಿದೆ" ಅಂತ ಬರೆಯದಿದ್ದರೆ ನಿನ್ನ ಕುರ್ಚಿ ಹೋಗಬಹುದು. ಆ ಮನೆಯ ಸಾಲ, ಹೆಂಡತಿಯ ಆಸೆ, ನಾಳೆ ಮಗುವಿನ ಶಾಲೆ, ಎಲ್ಲ ಇದೆ. ನಿನ್ನನ್ನೇ ಆರಿಸಿ ಕಳಿಸುತ್ತಿರುವುದೂ ಸುಮ್ಮನೆ ಅಲ್ಲ. ಊರಿನ ಹುಡುಗನ ಕೈಯಿಂದಲೇ ಎಳ್ಳುನೀರು ಬಿಡಿಸಿದರೆ ನಮ್ಮ ಬಾಯಿ ಮುಚ್ಚುತ್ತದೆ ಅಂತ ಅಲ್ಲಿ ಯಾವನೋ ತಲೆ ಓಡಿಸಿದ್ದಾನೆ. ನಿನ್ನನ್ನು ಓದಿಸಲು ಅಪ್ಪ ಏನು ಮಾಡಿದರು, ನಾನು ಏನು ಬಿಟ್ಟೆ ಅಂತ ನಾನು ಎತ್ತಿ ಆಡುವುದಿಲ್ಲ. ನಾನು ಏನೂ ಬಿಟ್ಟಿಲ್ಲ, ಓದು ನನಗೆ ಹತ್ತಲೇ ಇಲ್ಲ, ಬಾಗಿಲು ಹತ್ತಿತು. ನನಗೆ ನಿನ್ನಿಂದ ಉಪಕಾರ ಬೇಡ. ನಮ್ಮ ಪರವಾಗಿ ಒಂದು ಅಕ್ಷರವೂ ಹೆಚ್ಚಿಗೆ ಬರೆಯಬೇಡ. ಕಂಡದ್ದು ಬರಿ. ಅಷ್ಟೇ ನಾನು ಕೇಳುವುದು. ಅಷ್ಟಕ್ಕೂ ಕೆಲಸ ಹೋದರೆ ಆ ಕೆಲಸದಲ್ಲಿ ಏನಿದೆಯೋ ನೀನೇ ಯೋಚಿಸು. ನಿನ್ನ ಹಾಸಿಗೆ ಹೇಗೂ ಒಣಗಿದೆ.

ಇನ್ನೊಂದು. ಹೋಟೆಲ್ಲಿನಲ್ಲಿ ಕೂತು, ಯಾರದೋ ವರದಿ ನೋಡಿ ಸಹಿ ಹಾಕಿ ಹೋಗುವ ಆಲೋಚನೆ ಇದ್ದರೆ ಬಿಟ್ಟುಬಿಡು. ಲೈನಿನ ಪಕ್ಕ ನೇತಾಡುವ ಹಗ್ಗ ನೆನಪಿದೆಯೇ? ಯಾರು ಬೇಕಾದರೂ ಎಳೆದು ಲೈನ್ ನಿಲ್ಲಿಸಬಹುದು, ಆದರೆ ಎಳೆದವರು ಮರದ ಪೆಟ್ಟಿಗೆ ಹತ್ತಿ ನಿಂತು ಯಾಕೆ ಎಳೆದೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಕಪ್ಪೆಯ ಕಾಲದಿಂದ ಬಂದ ಪದ್ಧತಿ. ನೀನು ತರಬೇತಿಗೆ ಬಂದ ವರ್ಷ ಒಂದು ಸಲ ಎಳೆದಿದ್ದೆ. ಬಾಗಿಲ ಮೇಲೆ ಕೂದಲೆಳೆಯಷ್ಟು ಗೀರು. ಪೆಟ್ಟಿಗೆ ಹತ್ತಿದವನು ಉಂಗುರದ ಬೆರಳು ಎತ್ತಿ ತೋರಿಸುತ್ತಾ, "ಗೀರು ಇತ್ತು, ನಾನೇ ಮಾಡಿದ್ದು, ನನ್ನ ಉಂಗುರ ತಾಗಿತು" ಅಂದೆ. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಅಪ್ಪ ಪ್ರೆಸ್ ಶಾಪಿನಿಂದ ಓಡಿ ಬಂದು ನಿಂತು ನೋಡಿದ್ದರು. ಇಡೀ ಕಾರ್ಖಾನೆಯನ್ನು ನಿಲ್ಲಿಸಲು ಬರುವವನು ಆ ಪೆಟ್ಟಿಗೆ ಹತ್ತಲೇಬೇಕು. ನಮ್ಮ ಮುಖ ನೋಡಿ ಕಾರಣ ಹೇಳು. ಹೇಳಲು ಕಾರಣ ಇದ್ದರೆ ನಾವು ಕೇಳುತ್ತೇವೆ, ಕಲ್ಲು ಎಸೆಯುವವರಲ್ಲ. ಕಾರಣ ಇಲ್ಲದಿದ್ದರೆ ಇಳಿದು ಬಂದು ಹೆಗಲು ಕೊಡು, ನಿನ್ನ ಬೆನ್ನು ನೋವಿಗೂ ಒಳ್ಳೆಯದು.

ಸೈರನ್ ಆಗುವ ಹೊತ್ತಾಯಿತು. ಈಗ ಅದನ್ನೂ ಕೈಯಿಂದಲೇ ತಿರುಗಿಸುತ್ತೇವೆ, ದನಿ ಸ್ವಲ್ಪ ಗೊಗ್ಗರು. ಕಾಗದ ಜೇಬಿನಲ್ಲಿಟ್ಟುಕೊಂಡು ಹೋಗಿ ಹಾರ್ನ್ ಮಾಮನಿಗೆ ಕೊಡುತ್ತೇನೆ. ಮಗುವಿನ ಕೆನ್ನೆಗೆ ಅತ್ತೆಯ ಪರವಾಗಿ ಮುತ್ತು ಕೊಟ್ಟೇ ಬಂದಿದ್ದೀಯ ಅಂತ ತಿಳಿದುಕೊಳ್ಳುತ್ತೇನೆ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಿನ್ನ ಮೇಲೆ ಇದೆ, ಆದರೆ ಅದು ನಿನ್ನ ಹೊಟ್ಟೆ ತುಂಬಿಸಿದ ಮೇಲೆ. ಎಲ್ಲಿದ್ದರೂ ಚೆನ್ನಾಗಿರು, ಕನ್ನಡಿ ನೋಡಿಕೊಳ್ಳುವಾಗ ಕಣ್ಣು ತಪ್ಪಿಸುವ ಗತಿ ನಿನಗೆ ಬಾರದಿರಲಿ. ಹಿರಿಯಳಾಗಿ ನಾನು ಕೊಡುವ ಆಶೀರ್ವಾದ ಇದೊಂದೇ.

ಎಂದಿಗೂ ನಿನ್ನವಳೇ ಆದ,
ಅಕ್ಕ

ತಾ.ಕ.: ಹಾರ್ನ್ ಮಾಮ ಹೊರಗೆ ಕಾರು ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಲೇ ಇದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ. ಗುರುವಾರ ಬರಬೇಕಾಗಿದ್ದ ಸರ್ಕಾರದ ಅಧಿಕಾರಿ ಇವತ್ತೇ ಬಂದುಬಿಟ್ಟರು, ಅದೂ ಊಟದ ವೇಳೆಗೆ ಸರಿಯಾಗಿ. ಆ ಹೊತ್ತಿಗೇ ಹೋಗಿ ಅಂತ ನಿಮ್ಮ ಕಂಪನಿಯವರು ಫೋನು ಮಾಡಿದ್ದರಂತೆ. ಲೈನ್ ನಿಂತಿತ್ತು, ನಾವೆಲ್ಲ ತಟ್ಟೆ ಹಿಡಿದು ಕೂತಿದ್ದೆವು. ಅವರು ಕೊಡೆ ಮಡಚಿಕೊಂಡು ಒಳಗೆ ಬಂದರು, ನೋಡಿದರು, ಪೆನ್ನು ತೆಗೆದರು. ನಾನು ತಟ್ಟೆ ಕೆಳಗಿಟ್ಟು, ಎಂಜಲು ಕೈಯಲ್ಲೇ ಹೋಗಿ ಕಾರಿಗೆ ಹೆಗಲು ಕೊಟ್ಟೆ. ಹಿಂದೆ ತಿರುಗಿ ನೋಡಲಿಲ್ಲ, ಆದರೆ ಕಾರು ಹಗುರವಾದದ್ದು ಗೊತ್ತಾಯಿತು. ಬಾಯಲ್ಲಿ ಅನ್ನ ಇಟ್ಟುಕೊಂಡೇ ಎಲ್ಲರೂ ಬಂದಿದ್ದರು. ಆ ಮನುಷ್ಯ ಬಹಳ ಹೊತ್ತು ನಿಂತು ನೋಡಿದರು. ನಾಲ್ಕು ಕಾರು ಅವರ ಮುಂದೆಯೇ ಬಾಗಿಲು ಹಾಕಿಸಿಕೊಂಡು ಅಂಗಳಕ್ಕೆ ಹೋದವು. ಆಮೇಲೆ ಅವರು, "ಕಂಪನಿ ಮ್ಯಾನೇಜರ್ ಇಲ್ಲ ಅಂತೀರಿ, ಹಾಗಾದ್ರೆ ಈ ಕಾರ್ಖಾನೆ ನಡೆಸ್ತಿರೋರು ಯಾರು?" ಅಂತ ಕೇಳಿದರು. ಮೀಸೆ ನನ್ನ ಕೈ ಹಿಡಿದು ಎಳೆದ. ನಡೆಸುತ್ತಿರುವುದು ನಾನೇ ಅಂತ ಒಪ್ಪಿಕೊಂಡವರ ಮೇಲೆ, ಲೈನ್ ನಿಂತಿದೆ ಅಂತ ಕಂಪನಿ ಹೇಳಿದರೆ, ಅಕ್ರಮ ಪ್ರವೇಶ, ಮಾಲು ಕದ್ದದ್ದು, ಎಲ್ಲ ಕೇಸು ಬೀಳುತ್ತದೆ, ಜೈಲೇ ಗತಿ ಅಂತ ಅವನು ಮೊದಲೇ ಹೇಳಿದ್ದ. ಗೊತ್ತಿದ್ದೇ ನಾನು "ನಾನು" ಅಂದೆ. "ಲೈನ್ ನಡೆಯುತ್ತಿದೆ" ಅಂತ ಬರೆದು ನನ್ನ ಸಹಿ ಹಾಕಿಸಿಕೊಂಡರು, ಅವರೂ ಹಾಕಿದರು. ಅದರ ಕೆಳಗೆ ಕಂಪನಿಯ ಸಹಿಗೆ ಜಾಗ ಖಾಲಿ ಬಿಟ್ಟಿದ್ದಾರೆ, ಗುರುವಾರ ನಿನ್ನ ಮುಂದೆ ಇಡುತ್ತಾರೆ. ಬೇರೆ ಮಾತು ಬರೆಯಬೇಕಾದರೆ ನೀನು ಮೊದಲು ನನ್ನ ಹೆಸರಿನ ಮೇಲೆ ಗೆರೆ ಎಳೆಯಬೇಕು. ಪೂರ್ತಿ ಹೆಸರು ಬರೆದಿದ್ದೇನೆ ಕಣೋ, ಮುಂದೆ ಅಪ್ಪನ ಹೆಸರೂ ಇದೆ. ಎಳೆಯುವುದಾದರೆ ಎರಡರ ಮೇಲೂ ಸೇರಿಸಿ ಎಳೆ.